ಗುಜರಿ ಪೈಪಿನ ಗ್ಯಾಸ್ ಟಾರ್ಚ್ ಹಳದಿ ಜ್ವಾಲೆ ಕೊಡುವುದೇಕೆ?

ಗ್ಯಾಸಿಗೆ ಗಾಳಿ ಸಾಲುತ್ತಿಲ್ಲ, ಅದೇ ಕಾರಣ. ಗಾತ್ರದ ಲೆಕ್ಕದಲ್ಲಿ ಒಂದು ಪಾಲು ಪ್ರೊಪೇನ್ ಪೂರ್ತಿ ಉರಿಯಲು ಸುಮಾರು 24 ಪಾಲು ಗಾಳಿ ಬೇಕು, ಬ್ಯೂಟೇನಿಗೆ 31. ಎಲ್‌ಪಿಜಿ ಮುಖ್ಯವಾಗಿ ಇವೆರಡರ ಮಿಶ್ರಣ. ಅಷ್ಟು ಗಾಳಿ ಸಿಗದಿದ್ದರೆ ಉರಿಯದೆ ಉಳಿದ ಇಂಗಾಲದ ಕಣಗಳು ಕಾದು ಹಳದಿಯಾಗಿ ಹೊಳೆಯುತ್ತವೆ. ಲೋಹಕ್ಕೆ ಹಿಡಿಯುವ ಮಸಿಯೂ ಅದೇ.

ಟಾರ್ಚಿನಲ್ಲಿ ಫ್ಯಾನ್ ಇರುವುದಿಲ್ಲ, ಗ್ಯಾಸೇ ಗಾಳಿಯನ್ನು ಎಳೆದುಕೊಳ್ಳಬೇಕು. ಸೂಜಿಮೊನೆಯಷ್ಟು ಸಣ್ಣ ರಂಧ್ರವಿರುವ ಮೂತಿಯಿಂದ, ಅಂದರೆ ಜೆಟ್ಟಿನಿಂದ, ಅದು ರಭಸವಾಗಿ ನುಗ್ಗುವಾಗ ಪಕ್ಕದ ತೂತುಗಳಿಂದ ಗಾಳಿಯನ್ನು ತನ್ನೊಂದಿಗೆ ಸೆಳೆದೊಯ್ಯುತ್ತದೆ. ಹಾಸನದ ನಮ್ಮ ವರ್ಕ್‌ಶಾಪಿಗೆ ಬರುವ ಇಂಥ ಟಾರ್ಚ್‌ಗಳಲ್ಲಿ ತಪ್ಪು ಹೆಚ್ಚಾಗಿ ಇಲ್ಲಿಯೇ ಇರುತ್ತದೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರವಾದ ಪಲ್ಪರಿನ ತಾಮ್ರದ ತಗಡು ಬೆಸೆಯಲೆಂದು ಒಬ್ಬರು ಮಾಡಿಕೊಂಡಿದ್ದ ಟಾರ್ಚಿನ ಜೆಟ್ಟನ್ನು ಬೆಳಕಿಗೆ ಹಿಡಿದರೆ ಸಾಸಿವೆ ಕಾಳು ತೂರುವಷ್ಟು ಅಗಲವಿತ್ತು. ಉರಿ ಹೆಚ್ಚಲೆಂದು ಡ್ರಿಲ್ ಹಾಕಿದ್ದರು! ರಂಧ್ರ ಹಿಗ್ಗಿದರೆ ಗ್ಯಾಸ್ ಹೆಚ್ಚುತ್ತದೆ, ಆದರೆ ಸೆಳೆಯುವ ಗಾಳಿ ಅದಕ್ಕೆ ತಕ್ಕಷ್ಟು ಹೆಚ್ಚುವುದಿಲ್ಲ. ಹಳೆಯ ಸ್ಟವ್ವಿನ ಸಣ್ಣ ಜೆಟ್ಟನ್ನು ಹಾಕಿ, ಪೈಪಿನ ನಡುವಿಗೆ ನೇರವಾಗಿ ಕೂರಿಸಿದ ಮೇಲೆ ಜ್ವಾಲೆ ನೀಲಿಗೆ ತಿರುಗಿತು.

ಜ್ವಾಲೆ ಪೈಪಿನ ಬಾಯಿಯಿಂದ ದೂರ ಹಾರಿ ಆರುತ್ತಿದ್ದರೆ ಪೈಪಿನ ತುದಿಯನ್ನು ಸ್ವಲ್ಪ ಅಗಲಿಸಬೇಕು, ವೇಗ ತಗ್ಗಿ ಜ್ವಾಲೆ ನಿಲ್ಲುತ್ತದೆ.

ಒಂದು ಮಾತು ದಯವಿಟ್ಟು ಕೇಳಿ: ರೆಗ್ಯುಲೇಟರ್, ರಬ್ಬರ್ ಕೊಳವೆ, ವಾಲ್ವ್ ಮಾತ್ರ ಗುಜರಿಯದು ಬೇಡ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಹರಡಿ ನಿಲ್ಲುತ್ತದೆ. ಸತುವಿನ ಲೇಪನವಿರುವ ಜಿಐ ಪೈಪನ್ನೂ ಬಳಸಬೇಡಿ, ಕಾದಾಗ ಬರುವ ಹೊಗೆ ಜ್ವರ ತರಿಸುತ್ತದೆ.