7 ದಿನದ ಮನೆ, 28 ದಿನದ ಸ್ಲ್ಯಾಬ್

ಪ್ರಶ್ನೆ: ನಮ್ಮದು ಕೊಪ್ಪಳ ಜಿಲ್ಲೆಯ ಯಲಬುರ್ಗಾ ತಾಲ್ಲೂಕಿನ ಎರೆ ಸೀಮೆಯ ಹಳ್ಳಿ. ನಮ್ಮ ಓಣಿಯಲ್ಲಿ ಗಂಡನನ್ನು ಕಳೆದುಕೊಂಡ ಅಕ್ಕ ಒಬ್ಬರು ಅತ್ತೆ ಹಾಗೂ ಇಬ್ಬರು ಮಕ್ಕಳೊಂದಿಗೆ ಇರುವ ಮಣ್ಣಿನ ಮಾಳಿಗೆ ಮನೆ ಹೋದ ಮಳೆಗಾಲದಲ್ಲಿ ಅರ್ಧ ಕುಸಿದಿದೆ. ಟಿ.ವಿ. ವಾಹಿನಿಯೊಂದು ಅದನ್ನು ಕೆಡವಿ 7 ದಿನಗಳಲ್ಲಿ ಹೊಸ ಮನೆ ಕಟ್ಟಿಕೊಡುವ ಕಾರ್ಯಕ್ರಮ ಮಾಡಲಿದ್ದು, ಊರಿನ ಯುವಕರನ್ನು ಸ್ವಯಂಸೇವಕರಾಗಿ ಕರೆದಿದೆ. ನಾನು ಕಾಲೇಜು ಉಪನ್ಯಾಸಕ. ಒಂದು ವಾರ ರಜೆ ಹಾಕಬೇಕೆಂದಿದ್ದೇನೆ. ಗೆಳೆಯರು ಮಾತ್ರ, ಬಡವರ ಕಣ್ಣೀರು ತೋರಿಸಿ ಹೆಸರು ಮಾಡುವವರ ಜೊತೆ ನಿನಗೇನು ಕೆಲಸ ಎನ್ನುತ್ತಾರೆ. ಹೋಗಲೇ, ಬೇಡವೇ?
— ಓದುಗರೊಬ್ಬರು, ಯಲಬುರ್ಗಾ ತಾಲ್ಲೂಕು

ಉತ್ತರ: ಹೋಗಿ. ಆದರೆ ಇಡೀ ವಾರದ ರಜೆಯನ್ನು ಚಿತ್ರೀಕರಣದ ವಾರಕ್ಕೇ ಸುರಿಯಬೇಡಿ. ಎರಡು ದಿನವನ್ನು ಅದಕ್ಕೆ ಮುಂಚೆ ಹಾಕಿ, ಉಳಿದದ್ದನ್ನು ವಾಹಿನಿಯ ಗಾಡಿಗಳು ಊರು ಬಿಟ್ಟ ಮೇಲಕ್ಕೆ ಇಟ್ಟುಕೊಳ್ಳಿ. ಕ್ಯಾಮೆರಾ ಇರುವಷ್ಟು ದಿನ ಅಲ್ಲಿ ಆಳಿಗೆ ಬರವಿರುವುದಿಲ್ಲ; ಸಲಿಕೆ ಒಂದಿದ್ದರೆ ಹಿಡಿಯಲು ನಾಲ್ವರು ನಿಂತಿರುತ್ತಾರೆ.

ಈ 7 ದಿನದ ಲೆಕ್ಕ ಅಮೆರಿಕದ್ದು. ಅಲ್ಲಿನ ಎಬಿಸಿ ವಾಹಿನಿ 2003ರ ಕೊನೆಯಲ್ಲಿ ಆರಂಭಿಸಿ 2012ರವರೆಗೆ ನಡೆಸಿದ 'ಎಕ್ಸ್‌ಟ್ರೀಮ್ ಮೇಕೋವರ್: ಹೋಮ್ ಎಡಿಷನ್' ಕಾರ್ಯಕ್ರಮದಲ್ಲಿ ಕಷ್ಟದಲ್ಲಿರುವ ಕುಟುಂಬವನ್ನು ಒಂದು ವಾರ ಪ್ರವಾಸಕ್ಕೆ ಕಳುಹಿಸಿ, ಸ್ಥಳೀಯ ಗುತ್ತಿಗೆದಾರರು ಮತ್ತು ನೂರಾರು ಸ್ವಯಂಸೇವಕರು ಹಗಲು ರಾತ್ರಿ ದುಡಿದು ಮನೆ ಎಬ್ಬಿಸುತ್ತಿದ್ದರು, ಕುಟುಂಬ ಮರಳಿದಾಗ ಮನೆಯ ಮುಂದೆ ಅಡ್ಡ ನಿಲ್ಲಿಸಿದ ಬಸ್ಸು ಸರಿಯುತ್ತಿತ್ತು. ಅಲ್ಲಿ ಅದು ಸಾಧ್ಯವಾದದ್ದು ಮುಖ್ಯವಾಗಿ ಆ ಮನೆಗಳ ಗೋಡೆ, ಚಾವಣಿಗಳೆಲ್ಲ ಮರದ ಚೌಕಟ್ಟಿನವು ಎಂಬ ಕಾರಣಕ್ಕೆ. ಮರಕ್ಕೆ ಮೊಳೆ ಹೊಡೆದ ಕ್ಷಣವೇ ಅದು ಭಾರ ಹೊರಲು ಸಿದ್ಧ, ಕಾಂಕ್ರೀಟು ಹಾಗಲ್ಲ. ಅದರ ಬಲವನ್ನು ಲೆಕ್ಕ ಹಾಕುವುದೇ 28ನೆಯ ದಿನಕ್ಕೆ. ನಮ್ಮ ದೇಶದ ಮಾನದಂಡವಾದ ಐಎಸ್ 456ರ ಪ್ರಕಾರ, ನಾಲ್ಕೂವರೆ ಮೀಟರ್‌ವರೆಗಿನ ಅಂತರದ ಸ್ಲ್ಯಾಬಿನ ಕೆಳಗಿನ ಆಸರೆ ಕಂಬಗಳನ್ನು 7 ದಿನ, ಅದಕ್ಕಿಂತ ದೊಡ್ಡದಾದರೆ 14 ದಿನ ತೆಗೆಯುವಂತಿಲ್ಲ. ಬಿಸಿಲು, ಒಣಗಾಳಿಯ ಸೀಮೆಯಲ್ಲಿ ಕನಿಷ್ಠ 10 ದಿನ, ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟಾದರೆ 14 ದಿನ ನೀರುಣಿಸಬೇಕು. ತಳಪಾಯಕ್ಕೂ ಗೋಡೆಗೂ ಬೇಕಾದ ದಿನಗಳನ್ನು ನಾನಿನ್ನೂ ಎಣಿಸಿಲ್ಲ. ಆದ್ದರಿಂದ ನೀವು ಮೊದಲು ಕೇಳಬೇಕಾದ ಪ್ರಶ್ನೆ, ಚಾವಣಿ ಯಾವುದು ಎಂಬುದು. ಕಬ್ಬಿಣದ ಚೌಕಟ್ಟಿಗೆ ತಗಡು ಹೊದಿಸುವುದಾದರೆ, ಇಲ್ಲವೇ ಬೇರೆಡೆ ಎರಕ ಹೊಯ್ದು ತಂದ ಹಲಗೆಗಳನ್ನು ಜೋಡಿಸುವುದಾದರೆ ವಾರದ ಮಾತಿಗೆ ಅರ್ಥವಿದೆ. ಅಲ್ಲೇ ಸ್ಲ್ಯಾಬ್ ಹಾಕುತ್ತೇವೆ ಎಂದರೆ, ಗೃಹಪ್ರವೇಶದ ಚಿತ್ರೀಕರಣವನ್ನು ಒಂದು ತಿಂಗಳು ಮುಂದಕ್ಕೆ ಹಾಕುವಂತೆ ಊರಿನ ಹಿರಿಯರ ಬಾಯಲ್ಲಿ ಹೇಳಿಸಿ.

ನಿಮ್ಮ ರಜೆಯ ಉಳಿದ ದಿನಗಳಿಗೆ ಕೆಲಸ ಇರುವುದು ಇಲ್ಲಿಯೇ. ಸ್ಲ್ಯಾಬಿನ ಮೇಲೆ ಗಾರೆಯ ಸಣ್ಣ ಬದು ಕಟ್ಟಿ, ಗದ್ದೆಯ ಮಡಿಗಳಂತೆ ಚೌಕಚೌಕವಾಗಿ ನೀರು ನಿಲ್ಲಿಸುತ್ತಾರಲ್ಲ, ಅದಕ್ಕೆ ನೀರು ಹೊರುವವರು ಯಾರೂ ಇರುವುದಿಲ್ಲ. 2009ರ ನೆರೆಯ ನಂತರ ತುಂಗಭದ್ರೆಯ ದಂಡೆಯ ಒಂದು ಹೊಸ ಬಡಾವಣೆಯಲ್ಲಿ ನಾನು ಕೆಲಸ ನೋಡಿಕೊಂಡಿದ್ದೆ. ಬೆಳಿಗ್ಗೆ 7ಕ್ಕೆ ಬೆರಳುದ್ದ ನಿಲ್ಲಿಸಿದ ನೀರು, ಮಧ್ಯಾಹ್ನದ ಊಟ ಮುಗಿಸಿ ಏಣಿ ಹತ್ತುವಷ್ಟರಲ್ಲಿ ಇಂಗಿ, ಮಡಿಯ ಅಂಚಿನಲ್ಲಿ ಬಿಳಿಯ ಗೆರೆ ಮಾತ್ರ ಉಳಿದಿರುತ್ತಿತ್ತು. ಎರಡನೆಯ ಸಲ ನೀರು ಕಾಣದ ಮನೆ ಯಾವುದೆಂಬುದನ್ನು ಮುಂದಿನ ಮಳೆಗಾಲವೇ ತೋರಿಸಿತು. ಗೋಡೆಗೆ ಗೋಣಿತಾಟು ಇಳಿಬಿಟ್ಟು ದಿನಕ್ಕೆ ಮೂರು ಹೊತ್ತು ತೋಯಿಸುವ ಈ ಕೆಲಸವನ್ನು ಯಾವ ಕ್ಯಾಮೆರಾವೂ ತೋರಿಸುವುದಿಲ್ಲ.

ನಿಮ್ಮದು ಎರೆ ಸೀಮೆ ಎಂದು ಬರೆದಿರುವುದು ಒಳ್ಳೆಯದಾಯಿತು. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ; ಅದರ ಮೇಲೆಯೇ ನಿಂತ ತಳಪಾಯ ಮನೆಯನ್ನೂ ತನ್ನೊಡನೆ ಎತ್ತಿ ಇಳಿಸುತ್ತದೆ. ಗರಸು ಸಿಗುವವರೆಗೆ ಅಗೆದಿದ್ದಾರೆಯೇ, ಅಗೆದ ಎರೆಯನ್ನೇ ಮತ್ತೆ ತುಂಬದೆ ಹೊರಗಿನಿಂದ ಗರಸು ತರಿಸಿದ್ದಾರೆಯೇ ಎಂಬುದನ್ನು ಗುಂಡಿ ತೆರೆದಿರುವಾಗಲೇ ಊರಿನ ಅನುಭವಿ ಗೌಂಡಿಯೊಬ್ಬರನ್ನು ಕರೆದೊಯ್ದು ತೋರಿಸಿ. ಬಣ್ಣ ಬಳಿದ ಮೇಲೆ ಇದನ್ನು ನೋಡಲು ಸಾಧ್ಯವಿಲ್ಲ.

ಚಿತ್ರೀಕರಣಕ್ಕೆ ಮುಂಚಿನ ಎರಡು ದಿನಗಳನ್ನು ಆ ಅಕ್ಕನ ಮತ್ತು ಅವರ ಅತ್ತೆಯವರ ಜೊತೆ ಕುಳಿತು ಕಳೆಯಿರಿ. ಜೋಳದ ಚೀಲ ಎಲ್ಲಿಡುತ್ತೀರಿ, ಎಮ್ಮೆ ಇದ್ದರೆ ಎಲ್ಲಿ ಕಟ್ಟುತ್ತೀರಿ, ಒಲೆಯ ಹೊಗೆ ಯಾವ ಕಡೆ ಹೋಗಬೇಕು ಎಂದು ಕೇಳಿ ಹಾಳೆಯ ಮೇಲೆ ಬರೆದು, ನಕ್ಷೆ ಮಾಡುವವರ ಕೈಗೆ ಕೊಡಿ. ಮಣ್ಣಿನ ಮಾಳಿಗೆ ಸೋರುತ್ತದೆ ನಿಜ, ಆದರೆ ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಅದರ ಕೆಳಗೆ ಮಲಗಬಹುದು. ಕಾಂಕ್ರೀಟಿನ ಕೆಳಗೆ ಮಲಗುವುದು ಕಷ್ಟ. ಗೋಡೆಯನ್ನು ಎತ್ತರಿಸಿ, ಮೇಲ್ಗಡೆ ಎದುರುಬದುರು ಬೆಳಕಿಂಡಿ ಬಿಡಿಸಿ, ಸ್ಲ್ಯಾಬಿಗೆ ಸುಣ್ಣ ಬಳಿಸುವುದು ಸೋಫಾ ಸೆಟ್ಟಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಕೆಡವುವ ದೃಶ್ಯಕ್ಕೆ ಜೆಸಿಬಿ ಬರುವ ಮುನ್ನ ಗಟ್ಟಿ ಇರುವ ಜಂತಿ, ಬಾಗಿಲ ಚೌಕಟ್ಟು, ನೆಲದಲ್ಲಿ ಹೂತ ಒಳಕಲ್ಲು ಇವನ್ನು ಬಿಡಿಸಿ ಪಕ್ಕದ ಮನೆಯ ಕಟ್ಟೆಯ ಮೇಲೆ ಇಡಿಸಿ. ಒಳಕಲ್ಲನ್ನು ಮಣ್ಣಿನೊಂದಿಗೆ ಟ್ರ್ಯಾಕ್ಟರಿಗೆ ತುಂಬಿ ಕಳುಹಿಸಿದ್ದನ್ನು ನಾನು ಕಂಡಿದ್ದೇನೆ. ಮನೆಯ ಮುದುಕಿ ಹೊಸ ಮನೆಯಲ್ಲಿ ಅದನ್ನೇ ಹುಡುಕುತ್ತಿದ್ದರು.

ಕಾಗದಪತ್ರದ ವಿಷಯ ಚಿಕ್ಕದು, ಆದರೆ ಬಿಡುವಂಥದ್ದಲ್ಲ. ಜಾಗದ ಹಕ್ಕುಪತ್ರ ಅಥವಾ ಇ-ಸ್ವತ್ತು ಯಾರ ಹೆಸರಿನಲ್ಲಿದೆ? ಮಾವನ ಹೆಸರಿನಲ್ಲೇ ಉಳಿದಿದ್ದರೆ, ಮನೆಗೆ ಬೆಲೆ ಬಂದ ಮೇಲೆ ಇಲ್ಲದ ಪಾಲುದಾರರು ಹುಟ್ಟಿಕೊಳ್ಳುತ್ತಾರೆ. ಆ ಅಕ್ಕನಿಗೆ ಸರ್ಕಾರದ ವಸತಿ ಯೋಜನೆಯಲ್ಲಿ ಮನೆ ಮಂಜೂರಾಗಿದೆಯೇ ಎಂಬುದನ್ನೂ ಪಿಡಿಒ ಅವರಲ್ಲಿ ವಿಚಾರಿಸಿ. ಪಕ್ಕಾ ಮನೆ ಇರುವವರು ಪ್ರಧಾನಮಂತ್ರಿ ಆವಾಸ್ ಯೋಜನೆಗೆ ಅರ್ಹರಲ್ಲವಾದ್ದರಿಂದ, ವಾಹಿನಿಯ ಮನೆ ಅರ್ಧಕ್ಕೆ ನಿಂತರೆ ಅತ್ತ ಅದೂ ಇಲ್ಲ, ಇತ್ತ ಇದೂ ಇಲ್ಲ ಎಂದಾಗಬಾರದು. ಅಮೆರಿಕದಲ್ಲಿ ಕೆಲವು ಕುಟುಂಬಗಳು ದೊಡ್ಡ ಮನೆಯ ತೆರಿಗೆ, ವಿದ್ಯುತ್ ಬಿಲ್ಲು ಭರಿಸಲಾರದೆ ಅದನ್ನು ಮಾರಿದ್ದೂ ಉಂಟು. ಚಿಕ್ಕದಾಗಿ, ಗಟ್ಟಿಯಾಗಿ ಕಟ್ಟಿ ಎನ್ನಲು ನಾಚಿಕೆ ಬೇಡ.

ನಿಮ್ಮ ಗೆಳೆಯರ ಮಾತು ಪೂರ್ತಿ ಸುಳ್ಳಲ್ಲ. ಆದರೆ ಅದಕ್ಕೆ ಪರಿಹಾರ ದೂರ ನಿಲ್ಲುವುದಲ್ಲ, ಒಪ್ಪಿಗೆ ಪತ್ರವನ್ನು ಓದುವುದು. ಅದು ಇಂಗ್ಲಿಷಿನಲ್ಲಿದ್ದರೆ ಆ ಅಕ್ಕನಿಗೆ ಸಹಿಗೆ ಮುಂಚೆ ಸಾಲುಸಾಲಾಗಿ ಕನ್ನಡದಲ್ಲಿ ಹೇಳಿ. ಗಂಡನ ಸಾವಿನ ಪ್ರಸ್ತಾಪ ಬೇಡ, ಮಕ್ಕಳ ಶಾಲೆಯ ಹೆಸರು ಬೇಡ ಎಂದು ಅವರು ಹೇಳಿದರೆ, ಅದನ್ನು ಬರಹದಲ್ಲಿ ಸೇರಿಸಿಸಿ. ಉಪನ್ಯಾಸಕರಾದ ನೀವು ಬುಟ್ಟಿ ಹೊರುವುದಕ್ಕಿಂತ ಇದನ್ನು ಚೆನ್ನಾಗಿ ಮಾಡಬಲ್ಲಿರಿ.

ಪ್ರಶ್ನೆ: ನಾನು 20 ವರ್ಷಗಳಿಂದ ಗೌಂಡಿ ಕೆಲಸ ಮಾಡುತ್ತಿದ್ದೇನೆ. ಇದೇ ಮನೆಗೆ ನನ್ನನ್ನೂ ಕರೆದಿದ್ದಾರೆ. ಸೇವೆ ಎಂದುಕೊಂಡು 7 ದಿನ ಬಿಟ್ಟಿ ಬನ್ನಿ ಎನ್ನುತ್ತಾರೆ. ಕೂಲಿ ಕೇಳಿದರೆ ಊರಿನವರು ಏನೆಂದುಕೊಳ್ಳುವರೋ ಎಂಬ ಅಳುಕಿದೆ.
— ಓದುಗರೊಬ್ಬರು, ಕುಕನೂರು

ಉತ್ತರ: ಅಳುಕದೆ ಕೇಳಿ. ಸಂಬಳದ ರಜೆ ಹಾಕಿ ಬರುವವರ ಸೇವೆಯೂ, ದಿನದ ದುಡಿಮೆಯನ್ನೇ ಬಿಟ್ಟು ಬರುವವರ ಸೇವೆಯೂ ಒಂದೇ ತೂಕದ್ದಲ್ಲ. ಕ್ಯಾಮೆರಾ ಹಿಡಿದವರಿಗೆ, ದೀಪ ಹಿಡಿದವರಿಗೆ ಸಂಬಳವಿರುವಲ್ಲಿ ಗೋಡೆ ಕಟ್ಟಿದವರಿಗೆ ಮಾತ್ರ ಏಕಿಲ್ಲ? ದಿನಕ್ಕೆ ಇಷ್ಟು ಎಂದು ಮೊದಲೇ ಬರೆಸಿಕೊಳ್ಳಿ; ರಾತ್ರಿ ಪಾಳಿಗೆ ಬೇರೆ ಲೆಕ್ಕವಿರಲಿ. ನಿದ್ದೆಗಣ್ಣಿನಲ್ಲಿ ಅಟ್ಟಣಿಗೆ ಹತ್ತಲು ಒಪ್ಪಬೇಡಿ. ಬಿದ್ದರೆ ಆಸ್ಪತ್ರೆಯ ಖರ್ಚು ಯಾರದು ಎಂಬುದೂ ಅದೇ ಹಾಳೆಯಲ್ಲಿರಲಿ. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ 18ರಿಂದ 60 ವರ್ಷದೊಳಗಿನವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ಕಾರ್ಡ್ ಇಲ್ಲದಿದ್ದರೆ ಈಗಲೇ ಮಾಡಿಸಿ. ಇಷ್ಟೆಲ್ಲ ಆದ ಮೇಲೂ ಆ ಮನೆಗಾಗಿ ಒಂದು ದಿನ ಬಿಟ್ಟಿ ದುಡಿಯಬೇಕೆಂಬ ಮನಸ್ಸಿದ್ದರೆ, ಗದ್ದಲವೆಲ್ಲ ಮುಗಿದ ಮೇಲೆ ಹೋಗಿ, ಮೇಲಿನ ಪತ್ರಕ್ಕೆ ಉತ್ತರಿಸುವಾಗ ಹೇಳಿದ ಒಳಕಲ್ಲನ್ನು ಅಡುಗೆಮನೆಯ ನೆಲದಲ್ಲಿ ಮಟ್ಟಸವಾಗಿ ಕೂರಿಸಿಕೊಟ್ಟು ಬನ್ನಿ.