ಪುಸ್ತಕ ಬರೆಯೋಕೆ ಮನೆಯಲ್ಲಿ ಓದಿದವರು ಇರಲೇಬೇಕಾ?

ನೀವು ಕೇಳಿರುವುದು ಎರಡು ಪ್ರಶ್ನೆ. ನಿಮ್ಮ ಅಪ್ಪ ಚಿಂತಾಮಣಿಯ ಟೊಮೆಟೊ ಮಂಡಿಯಲ್ಲಿ ಹಮಾಲಿ, ಮನೆಯಲ್ಲಿ ಯಾರೂ ಓದಿದವರಿಲ್ಲ, ಹೀಗಿದ್ದೂ ಕಥೆ ಕಾದಂಬರಿ ಬಿಟ್ಟು ನಿಜದ ಸಂಗತಿಗಳ ಬಗ್ಗೆ ಪುಸ್ತಕ ಬರೆಯಬಹುದಾ ಅಂತ ಒಂದು. ಎಲ್ಲಾ ಮೊಬೈಲಲ್ಲೇ ಸಿಗುವಾಗ ಲೈಬ್ರರಿ ಯಾಕೆ ಅಂತ ಇನ್ನೊಂದು. ನಾನು ಬರೆಯುವುದು ರೇಷ್ಮೆ ಬಗ್ಗೆ. ಹಾಗಾಗಿ ನನ್ನ ಮನೆಯ ಕಥೆಯನ್ನೇ ಹೇಳುತ್ತೇನೆ.

ನಾನು ಶಿಡ್ಲಘಟ್ಟದವನು. ಅಪ್ಪ ರೀಲರ್, ಅಂದರೆ ರೇಷ್ಮೆ ಗೂಡು ಕೊಂಡು ನೂಲು ತೆಗೆಯುವವರು. ಮನೆ ಹಿಂದೆಯೇ ಫಿಲೇಚರ್, ನೂಲು ತೆಗೆಯುವ ಘಟಕ. ಕುದಿಯುವ ನೀರಲ್ಲಿ ಗೂಡು ಬೇಯಿಸಿ, ಎಳೆ ಹುಡುಕಿ, ಏಳೆಂಟು ಗೂಡಿನ ಎಳೆ ಸೇರಿಸಿ ಒಂದು ನೂಲು ತೆಗೆಯುವ ಕೆಲಸ. ಇಡೀ ದಿನ ಬಿಸಿನೀರಲ್ಲಿ ಕೈ ಇಟ್ಟವರ ಬೆರಳು ಬೆಳ್ಳಗೆ ನೆನೆದು, ತುದಿಯಲ್ಲಿ ಚರ್ಮ ಸುಲಿದಿರುತ್ತಿತ್ತು. ಸಂಜೆ ಅಪ್ಪ ಅನ್ನ ಕಲಸುವಾಗ ಸಾರಿನ ಖಾರಕ್ಕೆ ಕೈ ಹಿಂದೆ ತೆಗೆದುಕೊಳ್ಳುತ್ತಿದ್ದರು. ಅಮ್ಮನ ತವರು ಹುಳು ಸಾಕುವ ಮನೆ. ಹಿಪ್ಪುನೇರಳೆ ತೋಟ, ಹುಳು ಸಾಕುವ ತಟ್ಟೆ, ಹುಳು ಗೂಡು ಕಟ್ಟುವ ಚಂದ್ರಿಕೆ. ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡುವಾಗ, ಸೊಪ್ಪು ಹಾಕೋದು ನಿಲ್ಲುತ್ತದೆ. ಆಗ ಮಾತ್ರ ಅಜ್ಜಿಗೆ ಸ್ವಲ್ಪ ಬಿಡುವು.

ಅವರು ಗೂಡು ಮಾರುವವರು, ನಾವು ಕೊಳ್ಳುವವರು. ಗೂಡಿನ ರೇಟು ಏರಿದರೆ ಅಜ್ಜಿ ಮನೆಯಲ್ಲಿ ಹೋಳಿಗೆ, ನಮ್ಮ ಮನೆಯಲ್ಲಿ ಚಿಂತೆ. ಇಳಿದರೆ ಅದರ ಉಲ್ಟಾ. ಹಬ್ಬಕ್ಕೆ ಎಲ್ಲರೂ ಸೇರಿದಾಗ ಸೋದರಮಾವ 'ರೈತನ ಬೆವರು ನಿಮಗೆ ಅಗ್ಗ ಅಲ್ವಾ ಭಾವ' ಅನ್ನೋರು. ಅಪ್ಪ 'ಹಸಿ ಗೂಡು ತಂದು ತೂಕಕ್ಕೆ ಹಾಕಿದರೆ ನಾನು ಬದುಕೋದು ಬೇಡವಾ' ಅನ್ನೋರು. ಇಬ್ಬರೂ ಸುಳ್ಳು ಹೇಳುವವರಲ್ಲ. ಯಾರ ಮಾತು ಬರೆಯಬೇಕು, ಎಷ್ಟು ಬರೆಯಬೇಕು? ನಾನು ಬರೆಯುವವನಾಗಿದ್ದು ಈ ಪ್ರಶ್ನೆಯಿಂದಲೇ. ಇದಕ್ಕೆ ಓದಿದ ಮನೆತನ ಬೇಕಾಗಲಿಲ್ಲ.

ಲೈಬ್ರರಿ ನನಗೆ ಮೂರನೇ ಮನೆ. ಅಲ್ಲಿ ಹಬ್ಬದ ಜಗಳವೂ ಇಲ್ಲ, ಯಾರ ಮುಲಾಜೂ ಇಲ್ಲ. ಒಂದು ಉದಾಹರಣೆ ಹೇಳುತ್ತೇನೆ. ಮಾವ ಯಾವಾಗಲೂ 'ನಾವು ಚಿಕ್ಕವರಿದ್ದಾಗ ಈ ಊಜಿ ನೊಣ ಇರಲೇ ಇಲ್ಲ' ಅನ್ನುತ್ತಿದ್ದರು. ದೊಡ್ಡವರು ಹಳೇ ಕಾಲವನ್ನು ಸುಮ್ನೆ ಹೊಗಳುತ್ತಾರೆ ಅಂದುಕೊಳ್ಳಬಹುದಲ್ವಾ? ಆದರೆ ರೇಷ್ಮೆ ಕೃಷಿಯ ಪುಸ್ತಕಗಳನ್ನು ತೆಗೆದರೆ ಉತ್ತರ ಅಲ್ಲೇ ಇದೆ. ಊಜಿ ಕರ್ನಾಟಕಕ್ಕೆ ಬಂದದ್ದು 1980ರಲ್ಲಿ, ಪಶ್ಚಿಮ ಬಂಗಾಳದ ಕಡೆಯಿಂದ. ನೊಣ ಹುಳುವಿನ ಮೈ ಮೇಲೆ ಮೊಟ್ಟೆ ಇಡುತ್ತದೆ. ಮರಿ ಒಳಗೆ ಕೊರೆದು ಹೋದ ಕಡೆ ಕಪ್ಪು ಚುಕ್ಕೆ ಬೀಳುತ್ತದೆ. ಮುಂದೆ ಅದೇ ಮರಿ ಗೂಡನ್ನು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ತೂತು ಬಿದ್ದ ಗೂಡಿನಲ್ಲಿ ಎಳೆ ತುಂಡು ತುಂಡು, ನೂಲು ಬಿಚ್ಚೋಕೆ ಆಗಲ್ಲ. ಅಂದರೆ ಮಾವನ ಹುಳು ಮನೆಗೆ ನುಗ್ಗಿದ ನೊಣ ಅಪ್ಪನ ಫಿಲೇಚರನ್ನೂ ಹಾಳು ಮಾಡುತ್ತಿತ್ತು. ಜಗಳ ಆಡುತ್ತಿದ್ದ ಇಬ್ಬರಿಗೂ ಶತ್ರು ಒಂದೇ. ಇದು ನನಗೆ ಹೊಳೆದದ್ದು ಲೈಬ್ರರಿಯ ಬೆಂಚಿನ ಮೇಲೆ. ಮಾವ ಕಿಟಕಿಗೆಲ್ಲ ನೈಲಾನ್ ಪರದೆ ಕಟ್ಟಲು ಯಾಕೆ ಅಷ್ಟು ಒದ್ದಾಡುತ್ತಿದ್ದರು ಅನ್ನೋದೂ ಆಗ ಅರ್ಥವಾಯಿತು.

ಇನ್ನೊಂದು ಸಂಗತಿ ನನಗೆ ತುಂಬಾ ಇಷ್ಟ. ವಿಷಯಕ್ಕೊಂದು ನಂಬರ್ ಕೊಡುವ ಡ್ಯೂಯಿ ಪದ್ಧತಿಯಲ್ಲಿ ಪುಸ್ತಕ ಜೋಡಿಸಿದ ಲೈಬ್ರರಿಯಲ್ಲಿ ರೇಷ್ಮೆ ಹುಳುವಿನ ಪುಸ್ತಕಗಳು 638ರಲ್ಲಿ, ಜೇನುಹುಳದ ಪಕ್ಕ ಇರುತ್ತವೆ. ರೇಷ್ಮೆ ಬಟ್ಟೆ, ನೂಲಿನ ಪುಸ್ತಕಗಳು 677ರಲ್ಲಿ. ಅಮ್ಮನ ತವರು ಒಂದು ಕಪಾಟು, ಅಪ್ಪನ ಮನೆ ಇನ್ನೊಂದು ಕಪಾಟು. ನನ್ನ ಕೆಲಸವೆಲ್ಲ ಆ ಎರಡು ಕಪಾಟುಗಳ ಮಧ್ಯೆ ಓಡಾಡುವುದೇ. ಮೊಬೈಲಲ್ಲಿ ಹುಡುಕಿದರೆ ಕೇಳಿದ್ದು ಸಿಗುತ್ತದೆ ನಿಜ, ನಾನೂ ದಿನಾ ಹುಡುಕುತ್ತೇನೆ. ಆದರೆ ಊಜಿ ಅನ್ನೋ ಪದವೇ ಗೊತ್ತಿಲ್ಲದವನು ಏನಂತ ಟೈಪ್ ಮಾಡಬೇಕು? ಕಪಾಟಿನ ಮುಂದೆ ನಿಂತವನಿಗೆ ಆ ತೊಂದರೆ ಇಲ್ಲ.

ಲೈಬ್ರರಿಗೆ ಹೋಗೋಕೆ ಸಂಕೋಚ ಬೇಡ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ನಮ್ಮಲ್ಲಿದೆ. ಆಸ್ತಿ ತೆರಿಗೆಯ ಜೊತೆ ಶೇ. 6ರಷ್ಟು ಗ್ರಂಥಾಲಯ ಕರ ಕಟ್ಟುವವರು ನಮ್ಮಂಥ ಜನರೇ. ಊರಿನ ಲೈಬ್ರರಿಯಲ್ಲಿ ಮೊದಲು ಜಿಲ್ಲಾ ಗೆಜೆಟಿಯರ್, ಅಂದರೆ ಜಿಲ್ಲೆಯ ವಿವರಗಳ ಸರ್ಕಾರಿ ಪುಸ್ತಕ ಕೇಳಿ. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ, ಹಾಗಾಗಿ ನಿಮ್ಮ ತಾಲ್ಲೂಕಿನ ಹಳೇ ವಿವರ ಕೋಲಾರದ ಸಂಪುಟದಲ್ಲಿರುತ್ತದೆ. ಶಾಸನಗಳು ಬೇಕಿದ್ದರೆ ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ 10ನೇ ಸಂಪುಟ. ಇಲ್ಲಿ ಸಿಗದಿದ್ದರೆ ಬೆಂಗಳೂರಿನ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡಕ್ಕೆ, ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ಹೋಗಿ.

ಅದಕ್ಕೂ ಮೊದಲು ಒಂದು ಬೆಳಗ್ಗೆ ನಿಮ್ಮ ಅಪ್ಪನ ಜೊತೆ ಮಂಡಿಗೆ ಹೋಗಿ. ಬಾಕ್ಸಿಗೆ ಎಷ್ಟು ಕೂಲಿ, ಹರಾಜು ಹೇಗೆ ಕೂಗುತ್ತಾರೆ, ಮಳೆ ಬಂದ ದಿನ ಏನಾಗುತ್ತದೆ, ಎಲ್ಲ ಕೇಳಿ ಬರೆದುಕೊಳ್ಳಿ. ರೆಫರೆನ್ಸ್ ಪುಸ್ತಕಗಳನ್ನು ಮನೆಗೆ ಕೊಡುವುದಿಲ್ಲ, ಅಲ್ಲೇ ಕೂತು ಓದಬೇಕು. ಆದ್ದರಿಂದ ಆ ನೋಟ್‌ಬುಕ್ಕನ್ನೇ ಲೈಬ್ರರಿಗೂ ತೆಗೆದುಕೊಂಡು ಹೋಗಿ. ಬರೆದುಕೊಂಡ ಪ್ರತಿ ಸಾಲಿನ ಪಕ್ಕ ಪುಸ್ತಕದ ಹೆಸರು, ಪುಟದ ನಂಬರ್ ಹಾಕಿ. ಅಪ್ಪ ಹೇಳಿದ್ದರ ಪಕ್ಕ ಅಪ್ಪನ ಹೆಸರು ಹಾಕಿ.