ಮಲೆನಾಡಿನ ಹಳೇ ತೊಟ್ಟಿ ಮನೆಯ ಹೋಂಸ್ಟೇಯಲ್ಲಿ ಉಳಿಯುವುದು ಹೇಗಿರುತ್ತದೆ?

ಹೋಟೆಲ್ ಅಂದುಕೊಂಡು ಹೋದರೆ ಬೇಜಾರಾಗುತ್ತದೆ. ನೆಂಟರ ಮನೆ ಅಂದುಕೊಂಡು ಹೋಗಿ.

ತೊಟ್ಟಿ ಮನೆಯಲ್ಲಿ ನಡುವೆ ತೆರೆದ ಅಂಗಳ, ಸುತ್ತ ಜಗಲಿ, ಮರದ ಕಂಬಗಳು. ಮಳೆಗಾಲದಲ್ಲಿ ನಾಲ್ಕೂ ಸೂರಿನ ನೀರು ಅಲ್ಲಿಗೇ ಸುರಿಯುತ್ತದೆ. ಜಗಲಿಯಲ್ಲಿ ಕೂತು ಸುಮ್ನೆ ಅದನ್ನೇ ನೋಡುತ್ತಾ ಅರ್ಧ ದಿನ ಕಳೆದಿದ್ದೇನೆ. ಬಾಗಿಲು ಗಿಡ್ಡ, ಹೊಸ್ತಿಲು ಎತ್ತರ. ಮೊದಲ ದಿನವೇ ನನ್ನ ಹಣೆಗೆ ಎರಡು ಸಲ ಪೆಟ್ಟು ಬಿತ್ತು. ಮೇಲೆ ಮಂಗಳೂರು ಹೆಂಚು. (1865ರಲ್ಲಿ ಬಾಸೆಲ್ ಮಿಷನ್ ಅನ್ನೋ ಕ್ರೈಸ್ತ ಸಂಸ್ಥೆಯವರು ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಬಂದದ್ದು.) ಅಟ್ಟದಲ್ಲಿ ಯಾರಾದರೂ ನಡೆದರೆ ಕೆಳಗೆ ಹಲಗೆ ಕಿರುಗುಟ್ಟುವುದು ಕೇಳಿಸುತ್ತದೆ.

ಹಂಡೆಯ ಬಿಸಿನೀರಿಗೆ ಹೊಗೆಯ ವಾಸನೆ ಇರುತ್ತದೆ, ನನಗಂತೂ ಅದೇ ಇಷ್ಟ. ಬೆಳಿಗ್ಗೆ ಕಡುಬು, ಕಾಯಿಚಟ್ನಿ.

ಬುಕ್ ಮಾಡುವಾಗ ಒಂದು ಕೇಳಿಕೊಳ್ಳಿ: ಬಚ್ಚಲು ಇರುವುದು ಕೋಣೆಯೊಳಗಾ, ಹಿತ್ತಲಲ್ಲಾ? ಮಳೆಯಲ್ಲಿ ರಾತ್ರಿ ಎದ್ದು ಹೋಗಬೇಕಲ್ವಾ! ಜೂನ್‌ನಿಂದ ಇಂಬಳದ (ಜಿಗಣೆ) ಕಾಟವೂ ಜಾಸ್ತಿ.